ಬೆಟ್ಟದ ಹಗ್ಗ ಕತ್ತರಿಸಿದ ಲಾಂಡ್ರಿಯವಳು

ಆಸ್ಪತ್ರೆಯ ಲಾಂಡ್ರಿಯ ಬೆಳಗಿನ ಪಾಳಿಯ ಹೆಂಗಸರಿಗೆ ಅರ್ಧ ದಿನದ ಕೂಲಿ ಇನ್ನೂ ಬಾಕಿ ಇದೆ. ಹಿಂದಿನ ಮಳೆಗಾಲ ಮುಗಿದ ಹೊಸತರಲ್ಲಿನ ಬಾಕಿ ಅದು. ಈಗ ಮತ್ತೊಂದು ಮಳೆಗಾಲ ಬಂದು ಹೊಸ್ತಿಲಲ್ಲಿ ನಿಂತಿದೆ. ಕೇಳಿದಾಗಲೆಲ್ಲ ಲೆಕ್ಕದ ಕೋಣೆಯವರು ಅದು ಮೇಲಿನವರ ಹತ್ತಿರ ಇದೆ ಅನ್ನುತ್ತಾರೆ. ಮೇಲಿನವರೆಂದರೆ ಯಾರು, ಎಷ್ಟು ಮೇಲಿನವರು ಎಂದು ಯಾರೂ ಬಾಯಿ ಬಿಡುವುದಿಲ್ಲ. ಬೆಟ್ಟದ ಮೇಲಿದ್ದವರಾದರೆ ಹಗ್ಗದಕ್ಕ ಹೋಗಿ ಎಂಥವರನ್ನೂ ಕೆಳಗೆ ತರುತ್ತಾಳೆ. ಇವರು ಆಫೀಸಿನ ಮೇಲಿನವರು, ಅವಳ ಕೈಗೂ ಸಿಗಲಿಲ್ಲ.

ಆ ಅರ್ಧ ದಿನ ಅಷ್ಟು ಜನ ಹೆಂಗಸರು ಕೆಲಸ ಬಿಟ್ಟು ಎಲ್ಲಿಗೆ ಹೋದರು ಎನ್ನುವುದನ್ನು ಹೇಳಬೇಕಾದರೆ ಹಗ್ಗದಕ್ಕನಿಂದಲೇ ಶುರು ಮಾಡಬೇಕು.

ಲಾಂಡ್ರಿ ಇರುವುದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಮೇಲೆ ಗೋಡೆಯಂಚಿನಲ್ಲಿ ಒಂದು ಸಾಲು ಗಾಜಿನ ಕಿಂಡಿ. ಅಲ್ಲಿಂದ ಕಾಣುವುದು ರಸ್ತೆಯಲ್ಲಿ ಹೋಗುವವರ ಚಪ್ಪಲಿ ಮಾತ್ರ. ಚಪ್ಪಲಿ ನೋಡಿಯೇ ಇಂಥ ಡಾಕ್ಟರು ಬಂದರು, ಇಂಥ ನರ್ಸು ತಡವಾಗಿ ಬಂದಳು ಎಂದು ಹೆಂಗಸರು ಹೇಳಬಲ್ಲರು. ಕೊಳೆ ಬಟ್ಟೆ ಮೇಲಿನ ವಾರ್ಡುಗಳಿಂದ ಒಂದು ತಗಡಿನ ಕೊಳವೆಯಲ್ಲಿ ಜಾರಿ ಬೀಳುತ್ತದೆ. ಬಿದ್ದ ಗಂಟನ್ನು ಮೆಷಿನ್ನಿನ ತನಕ ಸಾಗಿಸಲು ಹಿಂದೆ ಒಂದು ಓಡುವ ಪಟ್ಟಿ ಇತ್ತು. ಅದು ಕೆಟ್ಟು ಎಷ್ಟೋ ವರ್ಷವಾಯಿತು. ರಿಪೇರಿ ಮಾಡಿಸುವ ಬದಲು ಆಡಳಿತದವರು ಹೆಂಗಸರನ್ನೇ ಪಟ್ಟಿ ಮಾಡಿಬಿಟ್ಟರು. ಸತ್ತ ಪಟ್ಟಿಯ ಎರಡೂ ಬದಿಗೆ ಅವರು ಎದುರುಬದುರು ನಿಲ್ಲುತ್ತಾರೆ. ಗಂಟು ಕೈಯಿಂದ ಕೈಗೆ ಹೋಗುತ್ತದೆ, ನಿಂತವರು ನಿಂತಲ್ಲೇ. ಗಂಟು ದೊಡ್ಡದಿದ್ದರೆ ಹಿಂದಿನ ಜೋಡಿ ಬಿಟ್ಟು ಓಡಿಹೋಗಿ ಸಾಲಿನ ಮುಂದಕ್ಕೆ ಸೇರಿಕೊಳ್ಳುತ್ತದೆ. ಇದನ್ನು ಅವರಿಗೆ ಯಾರೂ ಕಲಿಸಲಿಲ್ಲ. ಸೊಂಟ ಉಳಿಸಿಕೊಳ್ಳಲು ತಾವೇ ಕಂಡುಕೊಂಡ ದಾರಿ.

ಹಗ್ಗದಕ್ಕ ಅಲ್ಲಿ ದೊಡ್ಡ ಮೆಷಿನ್ನಿನವಳು. ಗಟ್ಟಿ ಆಳು, ಗಟ್ಟಿ ಗಂಟಲು. ಕಾರ್ಮಿಕ ಸಂಘದ ನಾವು ಲಾಂಡ್ರಿಯ ಗೇಟಿನ ಮುಂದೆ ಧರಣಿ ಕೂತ ವರ್ಷ ಮೈಕ್ ಕೆಟ್ಟರೆ ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ, ಅವಳನ್ನು ಕರೆಯುತ್ತಿದ್ದರು. ಜಗಳಗಂಟಿ ಎಂದು ಹೇಳುವವರಿದ್ದಾರೆ. ಹೌದು, ಜಗಳಗಂಟಿಯೇ. ಜಗಳ ಆಡದೆ ಸಿಕ್ಕಿದ್ದು ಆ ನೆಲಮಾಳಿಗೆಯಲ್ಲಿ ಏನಿದೆ? ಕುಡಿಯುವ ನೀರಿನ ನಲ್ಲಿಯೂ ಜಗಳದಿಂದಲೇ ಬಂದದ್ದು.

ಬೆಟ್ಟದ ತಂಡಕ್ಕೆ ಅವಳು ಸೇರಿದ್ದೂ ಜಗಳದಿಂದಲೇ. ಊರಿನ ಬೆನ್ನಿಗೇ ಬೆಟ್ಟ. ಅದನ್ನು ಹತ್ತಲು ಹೋಗಿ ಬಿದ್ದವರನ್ನು, ದಾರಿ ತಪ್ಪಿದವರನ್ನು ಹುಡುಕಿ ತರುವ ತಂಡವೊಂದು ಇದೆ. ಸಂಬಳವಿಲ್ಲ, ಭತ್ಯೆಯಿಲ್ಲ, ಎಲ್ಲ ಅವರವರ ಕೆಲಸದ ನಡುವೆ ಎದ್ದು ಓಡುವವರು. ಅವರು ಒಮ್ಮೆ ರಕ್ತವಾದ ಸ್ಟ್ರೆಚರ್ ಬಟ್ಟೆಗಳನ್ನು ಬಿಸಿನೀರಿನಲ್ಲಿ ಅದ್ದಿ ಲಾಂಡ್ರಿಗೆ ಕಳಿಸಿದ್ದರು. ರಕ್ತಕ್ಕೆ ಬಿಸಿನೀರು ಹಾಕಿದರೆ ಕಲೆ ಹೋಗುವುದೇ ಇಲ್ಲ, ಬಟ್ಟೆಯ ಜೊತೆಗೇ ಮಣ್ಣಾಗುತ್ತದೆ. ಯಾವ ಮುಠ್ಠಾಳ ಇದನ್ನು ಮಾಡಿದವನು ಎಂದು ಕೇಳಲು ಇವಳು ಪಾಳಿ ಮುಗಿಸಿ ಅವರ ಶೆಡ್ಡಿಗೆ ಹೋದಳು. ತಂಡದ ಮುಖ್ಯಸ್ಥ ಕಾರು ಓಡಿಸುವುದನ್ನು ಕಲಿಸುವ ಶಾಲೆಯವನು, ಎಲ್ಲರೂ ಮೇಷ್ಟ್ರು ಅನ್ನುತ್ತಾರೆ. ಆತ ತಾನೇ ಆ ಮುಠ್ಠಾಳ ಎಂದು ಒಪ್ಪಿಕೊಂಡ. ಬೈಯಲು ಇನ್ನೇನೂ ಉಳಿಯದೆ ಇವಳು ತಣ್ಣೀರಿನಲ್ಲಿ ತೊಳೆದು ತೋರಿಸಿದಳು. ಮುಂದಿನ ವಾರವೂ ಹೋದಳು. ಹೋದವಳು ಅಲ್ಲೇ ಉಳಿದಳು.

ಮನೆಯಲ್ಲಿ ಗಂಡ ಬಡಗಿ, ಕಿಟಕಿ ಬಾಗಿಲು ಮಾಡುವವನು. ಮಾತು ಕಮ್ಮಿ. ಆ ಕೊರತೆಯನ್ನು ಅವನ ತಾಯಿ ತುಂಬಿಸುತ್ತಾಳೆ. ಸೊಸೆ ಫೋನು ಕಿವಿಗಿಟ್ಟು ಬೂಟು ಹುಡುಕಲು ಶುರು ಮಾಡಿದಳೆಂದರೆ ಅತ್ತೆ ಮಂಚದ ಮೇಲಿಂದಲೇ ಕೇಳುತ್ತಾಳೆ: "ಯಾರಾದ್ರೂ ಬಂದು ನಿಮ್ಮ ಸೊಸೆ ಎಲ್ಲಿ ಅಂದ್ರೆ ಏನಂತ ಹೇಳ್ಲಿ? ಯಾರದ್ದೋ ಗಂಡನ್ನ ಹೊತ್ಕೊಂಡು ಬರೋಕೆ ಹೋಗಿದ್ದಾಳೆ ಅನ್ಲಾ?" ಸೊಸೆ ಲೇಸು ಕಟ್ಟುತ್ತಾ, ಹಾಗೇ ಹೇಳಿ ಅತ್ತೆ, ನಿಮ್ಮ ಮಗನನ್ನ ಹೊತ್ತು ಅಭ್ಯಾಸವಾಗಿದೆ ಅಂತಲೂ ಸೇರಿಸಿ ಅನ್ನುತ್ತಾಳೆ. ಅತ್ತೆ ನಗುವುದಿಲ್ಲ. ಆದರೆ ಸೊಸೆ ತಿರುಗಿ ಬರುವ ತನಕ ಅವಳ ತಟ್ಟೆಯ ಮೇಲೆ ಮುಚ್ಚಿಟ್ಟ ಮುಚ್ಚಳವನ್ನು ಯಾರಿಗೂ ತೆಗೆಯಲು ಬಿಡುವುದಿಲ್ಲ.

ತಂಡದಲ್ಲಿ ಅವಳ ಕೆಲಸ ಹಗ್ಗ ಕಾಯುವುದು. ಅದಕ್ಕೇ ಆ ಹೆಸರು. ಶೆಡ್ಡಿನಲ್ಲಿ ಹಗ್ಗದ ಕಪಾಟಿಗೆ ಒಂದೇ ಬೀಗದ ಕೈ, ಅದು ಅವಳ ಕೊರಳ ದಾರದಲ್ಲಿ. ಪ್ರತಿ ಸಲ ಬೆಟ್ಟದಿಂದ ಬಂದ ಮೇಲೆ ಉಳಿದವರು ಟೀ ಕುಡಿಯುತ್ತಾ ಕೂತರೆ ಅವಳು ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಇಡೀ ಹಗ್ಗವನ್ನು ಬರಿಗೈಯಲ್ಲಿ ಎಳೆದು ನೋಡುತ್ತಾಳೆ. ಎಲ್ಲಾದರೂ ಮೆತ್ತಗಾಗಿದೆಯೇ, ಎಲ್ಲಾದರೂ ಉಬ್ಬಿದೆಯೇ, ಒಳಗೆ ಮರಳು ಸೇರಿದೆಯೇ. ಆ ಹೊತ್ತಿನಲ್ಲಿ ಯಾರೂ ಅವಳನ್ನು ಮಾತಾಡಿಸಬಾರದು. ಮಾತಾಡಿಸಿದರೆ ಮತ್ತೆ ಮೊದಲಿನಿಂದ. ಒಂದು ಹಗ್ಗದ ಮೇಲೆ ಅನುಮಾನ ಬಂದರೆ ಅದು ಅಲ್ಲಿಗೇ ಸತ್ತಂತೆ. ಅನುಮಾನ ಪಟ್ಟವರೇ ಎಲ್ಲರೆದುರು ಅದನ್ನು ಮೊಳದುದ್ದದ ತುಂಡುಗಳಾಗಿ ಕತ್ತರಿಸಬೇಕು. ಸುಮ್ಮನೆ ಮೂಲೆಗಿಟ್ಟರೆ ಅವಸರದ ದಿನ ಯಾರೋ ಒಬ್ಬ ಅದನ್ನೇ ಹೆಗಲಿಗೆ ಹಾಕಿಕೊಂಡು ಓಡುತ್ತಾನೆ. ತಂಡ ಹುಟ್ಟಿದಾಗಿನಿಂದ ನಡೆದುಬಂದ ಪದ್ಧತಿ ಇದು.

ಬೆಟ್ಟದಲ್ಲಿ ಜನರನ್ನು ಉಳಿಸುವುದು ಎಂದರೆ ಏನೋ ದೊಡ್ಡ ಸಾಹಸ ಎಂದು ತಿಳಿದವರಿಗೆ ನಿರಾಸೆಯಾಗಬಹುದು. ಆ ವರ್ಷದ ಲೆಕ್ಕವನ್ನೇ ನೋಡಿ. ಚಳಿ ಬಿಡುವ ಹೊತ್ತಿಗೆ ಗಂಡಹೆಂಡತಿ ಶಿಖರದ ಮೇಲೆ ಜಗಳವಾಡಿ, ಹೆಂಡತಿ ಸೀದಾ ಇಳಿದು ಬಸ್ಸು ಹತ್ತಿ ತವರಿಗೆ ಹೋಗಿದ್ದಳು. ಗಂಡ ಅವಳು ಕಣಿವೆಗೆ ಬಿದ್ದಳೆಂದು ಬಾಯಿ ಬಾಯಿ ಬಡಿದುಕೊಂಡ. ತಂಡ ಇಡೀ ದಿನ ಪೊದೆ ಪೊದೆ ತಡಕಿತು. ಸಂಜೆ ಅವಳು ಫೋನು ಮಾಡಿ, ನನ್ನನ್ನು ಹುಡುಕಿಸಿದ್ದಾನಾ, ಪರವಾಗಿಲ್ಲವೇ ಅಂದಳಂತೆ. ಬೇಸಿಗೆಯಲ್ಲಿ ಬರುವವರು ರಬ್ಬರ್ ಚಪ್ಪಲಿಯವರು. ನೀರು ತರುವುದಿಲ್ಲ, ಟೋಪಿ ತರುವುದಿಲ್ಲ, ಕಾಲು ಉಳುಕಿಸಿಕೊಂಡು ಕೂರುತ್ತಾರೆ. ಅವರಲ್ಲೊಬ್ಬ ತನ್ನ ತಂಪು ಪೆಟ್ಟಿಗೆಯನ್ನೂ ಹೊತ್ತುಕೊಂಡರೆ ಮಾತ್ರ ಬರುತ್ತೇನೆ ಎಂದು ಹಟ ಹಿಡಿದ. ಹಗ್ಗದಕ್ಕ ಪೆಟ್ಟಿಗೆ ತೆರೆದು, ಒಳಗಿದ್ದ ತಂಪು ನೀರನ್ನು ತಂಡದವರಿಗೆಲ್ಲ ಹಂಚಿ, ಖಾಲಿ ಪೆಟ್ಟಿಗೆಯನ್ನು ಅವನ ತೊಡೆಯ ಮೇಲಿಟ್ಟಳು. ಈಗ ಹಗುರವಾಯಿತು, ನೀನೇ ಹಿಡಿದುಕೋ ಅಂದಳು.

ಮಳೆಗಾಲ ನಗುವ ಕಾಲವಲ್ಲ. ರಸ್ತೆ ಅಳೆಯುವ ಕೆಲಸದ ತರುಣನೊಬ್ಬನನ್ನು ತೊರೆ ಎಳೆದುಕೊಂಡು ಹೋಯಿತು. ದಿನದ ಮೇಲೆ ದಿನ ಹುಡುಕಿದರು. ಪಾಳಿ ಮುಗಿಸಿ ಹೋಗುವುದು, ಕತ್ತಲಾಗುತ್ತಲೇ ಇಳಿಯುವುದು, ಬೆಳಿಗ್ಗೆ ಒದ್ದೆ ಬೂಟಿನಲ್ಲೇ ಮತ್ತೆ ಕೆಲಸ. ಕೊನೆಗೆ ಎರಡು ಬಂಡೆಗಳ ನಡುವೆ ಸಿಕ್ಕ. ಹಗ್ಗ ಹಾಕಿ ಎತ್ತಿ ತಂದರು. ಕೆಳಗೆ ರಸ್ತೆಯಲ್ಲಿ ಅವನ ತಂದೆ ಕಾಯುತ್ತಿದ್ದ. ಸ್ಟ್ರೆಚರಿನ ಪಟ್ಟಿಗಳನ್ನು ಆತ ಒಂದೊಂದಾಗಿ ತಾನೇ ಬಿಚ್ಚಿದ. ಯಾರೂ ನೆರವಿಗೆ ಹೋಗಲಿಲ್ಲ, ಹೋಗಬಾರದೆಂದು ಎಲ್ಲರಿಗೂ ಅನ್ನಿಸಿತು. ಬಿಚ್ಚಿ ಮುಗಿಸಿ, ಪಟ್ಟಿಗಳನ್ನು ಅಂದವಾಗಿ ಸುತ್ತಿ, ಹಗ್ಗದಕ್ಕನ ಕೈಗೆ ಕೊಟ್ಟ.

ಅದಾದ ಮೇಲೆ ತಂಡ ಸಡಿಲಾಯಿತು. ಯಾರೂ ಬಿಟ್ಟೆ ಎಂದು ಹೇಳಲಿಲ್ಲ. ಒಬ್ಬನಿಗೆ ಜ್ವರ, ಒಬ್ಬನಿಗೆ ಅಂಗಡಿಯಲ್ಲಿ ಆಳಿಲ್ಲ, ಒಬ್ಬನ ಹೆಂಡತಿ ಒಲ್ಲೆ ಅಂದಳು. ಎಲ್ಲ ನಿಜವೇ. ಆದರೆ ಮಳೆ ನಿಂತ ಮೇಲೆ ಹಗ್ಗ ತೊಳೆಯುವ ಭಾನುವಾರ ಒಂದು ಇರುತ್ತದೆ. ಅವತ್ತು ಎಲ್ಲರೂ ಸೇರಿ ತೊಟ್ಟಿಗಳಲ್ಲಿ ಬರಿನೀರು ತುಂಬಿ ಇಡೀ ವರ್ಷದ ಕೆಸರನ್ನು ಕೈಯಲ್ಲೇ ಹಿಂಡಿ ತೆಗೆಯಬೇಕು. ಹಗ್ಗದೊಳಗೆ ಉಳಿದ ಮರಳು ಸಣ್ಣ ಸಣ್ಣ ಗರಗಸದ ಹಾಗೆ ಒಳಗಿಂದಲೇ ಕೊಯ್ಯುತ್ತದೆ. ಆ ಭಾನುವಾರ ಹಗ್ಗದಕ್ಕ ತೊಟ್ಟಿ ತುಂಬಿಸಿ ಶೆಡ್ಡಿನ ಬಾಗಿಲಲ್ಲಿ ಕೂತಳು. ಮಧ್ಯಾಹ್ನದ ತನಕ ಕೂತಳು. ಮೇಷ್ಟ್ರಿಗೆ ಅವತ್ತು ಶಾಲೆಯ ಪರೀಕ್ಷೆ, ಮೊದಲೇ ಹೇಳಿದ್ದ. ಉಳಿದವರು ಹೇಳಲೂ ಇಲ್ಲ, ಬರಲೂ ಇಲ್ಲ.

ಸಿಟ್ಟು ನೆತ್ತಿಗೇರಿತು. ಇವರನ್ನೆಲ್ಲ ನಂಬಿ ನಾನು ಕೈ ಸವೆಸುವುದೇಕೆ, ನನ್ನ ಹತ್ತಿರ ಆನೆಯನ್ನೂ ತೊಳೆಯುವ ಮೆಷಿನ್ನಿದೆಯಲ್ಲ ಎಂದುಕೊಂಡಳು. ಉದ್ದದ ಹಗ್ಗಗಳನ್ನೆಲ್ಲ ಚೀಲಕ್ಕೆ ತುಂಬಿ ಗಂಡನ ಕೈಗಾಡಿಯಲ್ಲಿ ಮನೆಗೆ ತಂದು, ಮರುದಿನ ಎಲ್ಲರಿಗಿಂತ ಮೊದಲು ಲಾಂಡ್ರಿಗೆ ಹೋದಳು. ತಣ್ಣೀರು, ಸೋಪಿಲ್ಲ, ಮೆಲ್ಲಗೆ ತಿರುಗುವಂತೆ ಗುಂಡಿ. ಎಲ್ಲ ಸರಿಯಾಗಿಯೇ ಇಟ್ಟಳು.

ಮೆಷಿನ್ನಿನ ಪಕ್ಕದಲ್ಲಿ ಬ್ಲೀಚಿಂಗ್ ನೀರಿನ ಡ್ರಮ್ಮು, ಅದರ ಕಿವಿಗೆ ಒಂದು ಮಗ್ಗು ನೇತಾಡುತ್ತದೆ. ಬಾಗಿಲು ಮುಚ್ಚುವ ಮೊದಲು ಒಂದು ಮಗ್ಗು ಸುರಿಯಬೇಕು, ಆಸ್ಪತ್ರೆಯ ಬಟ್ಟೆ ಅಲ್ಲವೇ. ಇಷ್ಟು ವರ್ಷ ಆ ಕೈ ಅದನ್ನೇ ಮಾಡಿಕೊಂಡು ಬಂದಿದೆ. ಅವತ್ತೂ ಕೈ ಮಗ್ಗು ತೆಗೆದುಕೊಂಡಿತು, ಅದ್ದಿತು, ಸುರಿಯಿತು. ಅವಳು ಆಗ ತಂಡದವರನ್ನು ಮನಸ್ಸಿನಲ್ಲೇ ಒಬ್ಬೊಬ್ಬರನ್ನೇ ಉಗಿಯುತ್ತಿದ್ದಳು. ವಾಸನೆಯೂ ಎಚ್ಚರಿಸಲಿಲ್ಲ. ಲಾಂಡ್ರಿಯವರ ಮೂಗಿಗೆ ಬ್ಲೀಚಿಂಗ್ ನೀರಿನ ವಾಸನೆ ಸತ್ತು ಯಾವುದೋ ಕಾಲವಾಗಿರುತ್ತದೆ.

ಹಗ್ಗಗಳು ಹೊರಬಂದವು. ಹೊಸದರ ಹಾಗೆ ಬೆಳ್ಳಗೆ, ಮೆತ್ತಗೆ. ಒಣಹಾಕುವಾಗ ಕಂಡಿತು: ಪ್ರತಿ ಹಗ್ಗದಲ್ಲಿ ಗುರುತಿಗೆಂದು ಹೆಣೆದ ಕೆಂಪು ಎಳೆ ಒಂದಿರುತ್ತದೆ, ಅದು ಗುಲಾಬಿಯಾಗಿತ್ತು. ಬ್ಲೀಚಿಂಗ್ ಕುಡಿದ ಹಗ್ಗ ನೋಡಲು ಚೆಂದ, ಮುಟ್ಟಲು ಚೆಂದ, ಒಳಗೆ ಪೊಳ್ಳು. ಇವತ್ತು ತಡೆಯಬಹುದು, ನಾಳೆ ತಡೆಯಬಹುದು, ಯಾವತ್ತು ಕೈಕೊಡುತ್ತದೆಂದು ಹೇಳಲಾಗದು. ಹಗ್ಗದಕ್ಕ ಒದ್ದೆ ಬಟ್ಟೆಯ ಗಂಟಿನ ಮೇಲೆ ಕೂತುಬಿಟ್ಟಳು. ಪಾಳಿಗೆ ಬಂದ ಹೆಂಗಸರು ಅವಳಿಗೆ ತಲೆ ಸುತ್ತಿದೆ ಎಂದು ತಿಳಿದು ನೀರು ತಂದುಕೊಟ್ಟರು.

ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನು, ಒಂದೇ ಸಲ ತಾನೇ, ಒಂದು ಸಲಕ್ಕೆ ಮರವೂ ಹಾಳಾಗುವುದಿಲ್ಲ ಅಂದ. ಮರದ ಮೇಲೆ ಯಾರೂ ಜೋತಾಡುವುದಿಲ್ಲ ಎಂದು ಇವಳು ರೇಗಿದಳು. ಮಂಚದ ಮೇಲಿಂದ ಅತ್ತೆ, ಹೋಗಿ ಹೇಳು, ಹೇಳದೇ ಇದ್ದರೆ ಇಡೀ ವರ್ಷ ನಮ್ಮ ಮೇಲೆ ಹಾರಾಡುತ್ತೀಯ ಅಂದಳು. ಆ ಮನೆಯಲ್ಲಿ ಆ ವಾರ ಆಡಿದ ಬುದ್ಧಿಯ ಮಾತು ಅದೊಂದೇ.

ಶೆಡ್ಡಿನಲ್ಲಿ ತಂಡ ಸೇರಿತು. ಹಗ್ಗ ತೊಳೆಯುವ ದಿನ ಬಾರದಿದ್ದವರೆಲ್ಲ ಅವತ್ತು ಬಂದಿದ್ದರು. ಅವಳು ಸುತ್ತಿಬಳಸದೆ ನಡೆದದ್ದನ್ನು ಹೇಳಿ, ನೆಲದ ಮೇಲೆ ಹಗ್ಗ ಹರವಿ, ಕತ್ತರಿ ತೆಗೆದಳು. ತಂಡದಲ್ಲಿ ಒಬ್ಬ ವೈರಿಂಗ್ ಕೆಲಸದವನಿದ್ದಾನೆ, ಬಂಡೆ ಹತ್ತುವುದರಲ್ಲಿ ಎಲ್ಲರಿಗಿಂತ ಮುಂದೆ. ಅವನು ಅವಳ ಕೈ ಹಿಡಿದ.

"ತಡಿ ಅಕ್ಕ. ಹೊಸ ಹಗ್ಗ ಬರೋ ತನಕ ಇರ್ಲಿ. ನೀನು ಹೇಳ್ದೇ ಇದ್ದಿದ್ರೆ ಯಾರಿಗ್ ಗೊತ್ತಾಗ್ತಿತ್ತು?"

"ಅದಕ್ಕೆ ಜೋತು ಬಿದ್ದೋನಿಗೆ ಗೊತ್ತಾಗ್ತಿತ್ತು," ಅಂದಳು ಅವಳು. "ಬೀಳೋವಾಗ."

ಅವನು ಕೈ ಬಿಟ್ಟ. ಅವಳು ಕತ್ತರಿಸಿದಳು. ಬಹಳ ಹೊತ್ತು ಹಿಡಿಯಿತು. ಅಂಗೈಯಲ್ಲಿ ಬೊಬ್ಬೆ ಬಂದರೂ ಕತ್ತರಿಯನ್ನು ಬೇರೆಯವರ ಕೈಗೆ ಕೊಡಲಿಲ್ಲ, ಪದ್ಧತಿ ಹಾಗಿಲ್ಲ. ಕೊನೆಗೆ ಕೊರಳ ದಾರ ಬಿಚ್ಚಿ ಕಪಾಟಿನ ಕೀಯನ್ನು ಮೇಷ್ಟ್ರ ಮುಂದೆ ಮೇಜಿನ ಮೇಲಿಟ್ಟಳು. ಮೇಷ್ಟ್ರು ಅದನ್ನು ಎತ್ತಿಕೊಳ್ಳಲೂ ಇಲ್ಲ, ವಾಪಸ್ ಕೊಡಲೂ ಇಲ್ಲ. ತಿಂಗಳ ಸಭೆಯಲ್ಲಿ ತೀರ್ಮಾನ ಮಾಡೋಣ ಅಂದ. ಅಂದರೆ ಅವಳು ತಂಡದಲ್ಲಿ ಇದ್ದಾಳೋ ಇಲ್ಲವೋ ಎನ್ನುವುದೇ ತೂಗುಯ್ಯಾಲೆಯಲ್ಲಿ ಉಳಿಯಿತು. ತಂಡವೂ ಹಾಗೇ. ಮೇಷ್ಟ್ರ ವ್ಯಾನಿನಲ್ಲಿದ್ದ ಒಂದು ಗಿಡ್ಡ ಹಗ್ಗ ಬಿಟ್ಟರೆ ಬೇರೆ ಹಗ್ಗವಿಲ್ಲ. ಬೆಟ್ಟದ ಮೇಲೆ ಯಾರಾದರೂ ಬಿದ್ದರೆ ಬಂಡೆಯ ಮುಖದಲ್ಲಿ ನೇರವಾಗಿ ರಸ್ತೆಗೆ ಇಳಿಸುವ ದಾರಿ ಮುಚ್ಚಿತು. ಉಳಿದದ್ದು ಹಿಂದಿನ ಕೊರಕಲು: ಮನೆ ಗಾತ್ರದ, ಮಂಚದ ಗಾತ್ರದ ಕಲ್ಲುಗಳು ಒಂದರ ಮೇಲೊಂದು ಬಿದ್ದಿರುವ ಉದ್ದನೆಯ ಇಳಿಜಾರು. ಅಲ್ಲಿ ಸ್ಟ್ರೆಚರ್ ಹೊತ್ತು ನಡೆಯುವುದೆಂದರೆ ಬಿದ್ದವನ ಜೊತೆಗೆ ಹೊತ್ತವರ ಕಾಲೂ ಮುರಿಯಿತೆಂದೇ ಲೆಕ್ಕ.

ಆ ಸಭೆ ಸೇರುವ ಮೊದಲೇ ಬೇಕರಿಯವನು ಬಿದ್ದ.

ಬೇಕರಿಯವನೆಂದರೆ ಆಸ್ಪತ್ರೆಯ ಎದುರಿನ ಬೇಕರಿಯವನು. ಭಾರೀ ಮೈ. ಹೊಟ್ಟೆ ಕರಗಿಸದಿದ್ದರೆ ಕಷ್ಟ ಎಂದು ಡಾಕ್ಟರು ಹೆದರಿಸಿದ್ದಕ್ಕೆ ಅಂಗಡಿಗೆ ರಜೆಯಿರುವ ಮಂಗಳವಾರ ಬೆಟ್ಟ ಹತ್ತಲು ಶುರು ಮಾಡಿದ್ದ. ಅವತ್ತು ಒದ್ದೆ ಕಲ್ಲಿನ ಮೇಲೆ ಜಾರಿ, ತೊಡೆಯ ಮೂಳೆ ಮುರಿದುಕೊಂಡು, ಕೊರಕಲಿನ ತಲೆಯಲ್ಲಿ ಬಿದ್ದಿದ್ದ. ತೊಡೆ ಮುರಿದರೆ ಒಳಗೇ ರಕ್ತ ಸೋರುತ್ತದೆ, ಹೊರಗೆ ಕಾಣುವುದಿಲ್ಲ. ತಡವಾದಷ್ಟೂ ಮನುಷ್ಯ ಬಿಳಿಚಿಕೊಳ್ಳುತ್ತಾನೆ, ಆಮೇಲೆ ಇರುವುದಿಲ್ಲ. ಮೋಡ ಬೆಟ್ಟದ ಸೊಂಟದ ತನಕ ಇಳಿದಿತ್ತು, ಹೆಲಿಕಾಪ್ಟರ್ ಬರುವಂತಿರಲಿಲ್ಲ.

ಮೇಷ್ಟ್ರು ಲಾಂಡ್ರಿಗೆ ಫೋನು ಮಾಡಿದ. ಹಗ್ಗದ ಮಾತು, ಕೀಯ ಮಾತು ಎತ್ತಲಿಲ್ಲ. ನನ್ನ ಹತ್ತಿರ ಒಂದು ಹಿಡಿ ಜನ ಇದ್ದಾರೆ, ಕೊರಕಲಿನಲ್ಲಿ ಅವನನ್ನು ಇಳಿಸಲು ಅದರ ಐದಾರು ಪಟ್ಟು ಬೇಕು, ನಿನಗೆ ಯಾರಾದರೂ ಸಿಗುತ್ತಾರಾ ಎಂದಷ್ಟೇ ಕೇಳಿದ. ಅವಳು ಫೋನಿಟ್ಟು ತಿರುಗಿದಳು. ಎದುರಿಗೆ ಸತ್ತ ಪಟ್ಟಿಯ ಎರಡೂ ಬದಿಗೆ ಹೆಂಗಸರು ಸಾಲಾಗಿ ನಿಂತು ಒಂದು ದೊಡ್ಡ ಗಂಟನ್ನು ಕೈಯಿಂದ ಕೈಗೆ ಸಾಗಿಸುತ್ತಿದ್ದರು. ಅವಳು ಅದನ್ನೇ ನೋಡುತ್ತಾ ನಿಂತಳು. ಆಮೇಲೆ ಮೆಷಿನ್ನಿನ ಗುಂಡಿ ಒತ್ತಿ ನಿಲ್ಲಿಸಿದಳು. ಸದ್ದು ನಿಂತಾಗ ಎಲ್ಲರೂ ತಲೆಯೆತ್ತಿದರು.

"ಎದುರಿನ ಬೇಕರಿಯೋನು ಮೇಲೆ ಬಿದ್ದಿದ್ದಾನೆ. ತೊಡೆ ಮುರ್ದಿದೆ. ಹಗ್ಗ ಇಲ್ಲ, ನಾನೇ ಹಾಳು ಮಾಡ್ದೆ. ಈಗ ಗಂಟು ದಾಟಿಸಿದ ಹಾಗೆ ಅವನನ್ನ ದಾಟಿಸ್ಬೇಕು. ಯಾರ್ ಯಾರ್ ಬರ್ತೀರಿ?"

ಮೇಲ್ವಿಚಾರಕ ಗಾಜಿನ ಕೋಣೆಯಿಂದ ಹೊರಗೆ ಬಂದ. ಕೆಟ್ಟವನಲ್ಲ, ಹೆದರುಪುಕ್ಕಲ. ಹೋದವರಿಗೆ ಅರ್ಧ ದಿನದ ಕೂಲಿ ಕಟ್, ತನ್ನ ಕೈಯಲ್ಲಿ ಏನೂ ಇಲ್ಲ ಎಂದ. ಅರ್ಧ ದಿನದ ಕೂಲಿ ಎಂದರೆ ಯಾರ ಮನೆಯಲ್ಲಿ ಏನು ಎಂದು ಅಲ್ಲಿ ಎಲ್ಲರಿಗೂ ಗೊತ್ತು. ಇಸ್ತ್ರಿ ಮೇಜಿನ ಹಿರಿಯಳೊಬ್ಬಳು, ಮೊಮ್ಮಕ್ಕಳನ್ನು ಕಂಡವಳು, ಮೊದಲು ಏಪ್ರನ್ ಬಿಚ್ಚಿದಳು.

"ನನ್ನ ಗಂಡನನ್ನೇ ಒಂದಿನಾನೂ ಎತ್ತಿದೋಳಲ್ಲ ನಾನು," ಅಂದಳು. "ಇವನನ್ನ ಎತ್ತಿದೆ ಅಂತ ನಮ್ಮನೆಯೋರಿಗೆ ಹೇಳ್ಬೇಡ್ರಮ್ಮ."

ಏಪ್ರನ್‌ಗಳು ಒಂದರ ಮೇಲೊಂದು ಮೇಜಿನ ಮೇಲೆ ಬಿದ್ದವು. ಮೆಷಿನ್ ನೋಡಿಕೊಳ್ಳಲು ಬಸುರಿಯೊಬ್ಬಳನ್ನು, ಬೆನ್ನು ನೋವಿನವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಹೊರಟರು. ಕೊಳೆ ಬಟ್ಟೆಯ ವ್ಯಾನಿನ ಡ್ರೈವರು, ನನ್ನ ಗಾಡಿಯಲ್ಲಿ ಮನುಷ್ಯರನ್ನು ಹತ್ತಿಸಬಾರದು ಎಂದು ಗೊಣಗುತ್ತಲೇ ಹಿಂದಿನ ಬಾಗಿಲು ತೆರೆದ. ಬೆಟ್ಟದ ಬುಡದಲ್ಲಿ ಇಳಿದು ಎಲ್ಲರೂ ಮೇಲೆ ಹತ್ತಿದರು.

ಕೊರಕಲಿನ ತಲೆಯಲ್ಲಿ ಮೇಷ್ಟ್ರ ಕಡೆಯವರು ಬೇಕರಿಯವನ ಕಾಲಿಗೆ ಪಟ್ಟಿ ಕಟ್ಟಿ ಸ್ಟ್ರೆಚರಿನಲ್ಲಿ ಬಿಗಿದಿದ್ದರು. ಹೊತ್ತು ನಡೆಯಲು ನೋಡಿ, ಕೆಲವೇ ಹೆಜ್ಜೆಗೆ ಒಬ್ಬನ ಮಂಡಿ ಕಲ್ಲಿಗೆ ಬಡಿದು, ಅಲ್ಲೇ ಇಳಿಸಿ ಕೂತಿದ್ದರು. ಹಗ್ಗದಕ್ಕ ಮೇಷ್ಟ್ರನ್ನು ಕೇಳಲು ಹೋಗಲಿಲ್ಲ. ಹೆಂಗಸರನ್ನು ಸ್ಟ್ರೆಚರಿನ ಮುಂದೆ ಕೊರಕಲಿನಲ್ಲಿ ಎರಡು ಸಾಲಾಗಿ ಎದುರುಬದುರು ನಿಲ್ಲಿಸಿದಳು. ಕಲ್ಲು ಅಲುಗಾಡುವ ಕಡೆ ಕೂರಿಸಿದಳು. ಕಾಲು ಊರಿದ ಮೇಲೆ ಯಾರೂ ಕಾಲು ಕದಲಿಸಬಾರದು, ಕದಲುವುದು ಸ್ಟ್ರೆಚರ್ ಮಾತ್ರ; ಹಿಂದಿನ ಜೋಡಿ ಕೈಬಿಟ್ಟ ಮೇಲೆ ಪಕ್ಕದಿಂದ ಇಳಿದು ಮುಂದೆ ಸೇರಿಕೊಳ್ಳಬೇಕು. ಲಾಂಡ್ರಿಯವರಿಗೆ ಇದನ್ನು ಎರಡು ಸಲ ಹೇಳಬೇಕಾಗಿರಲಿಲ್ಲ. ತಂಡದ ಗಂಡಸರಿಗೇ ಹೇಳಬೇಕಾಯಿತು. ಅವರಿಗೆ ಹೊತ್ತು ನಡೆದು ಅಭ್ಯಾಸ, ಕೈಗೆ ಸ್ಟ್ರೆಚರ್ ಬಂದೊಡನೆ ಕಾಲು ತಾನಾಗಿ ಎದ್ದುಬಿಡುತ್ತಿತ್ತು. ವೈರಿಂಗಿನವನಿಗೆ ಇಸ್ತ್ರಿ ಮೇಜಿನವಳು, ನಿಲ್ಲಪ್ಪ, ನಿನ್ನನ್ನೂ ಮಡಚಿ ಇಟ್ಟುಬಿಡ್ತೀನಿ ಎಂದಳಂತೆ.

ಬೇಕರಿಯವನಿಗೆ ಎಚ್ಚರವಿತ್ತು. ಪರಿಚಯದ ಮುಖ ಒಂದೊಂದಾಗಿ ತನ್ನ ಮೇಲಿಂದ ದಾಟುವುದನ್ನು ನೋಡುತ್ತಾ ನಾಚಿ ಮುದುಡಿದ. ಭಾರ ಆಗ್ತಿದ್ದೀನಿ ಕ್ಷಮಿಸಿ ಎಂದು ಪ್ರತಿ ಜೋಡಿಗೂ ಹೇಳತೊಡಗಿದ. ಒಬ್ಬಳು, ನಿನ್ನೆಯ ಹಳೇ ಬನ್ನು ಕೊಟ್ಟಿದ್ದಕ್ಕೂ ಈಗಲೇ ಕ್ಷಮೆ ಕೇಳಿಬಿಡು ಅಂದಳು. ಅವನು ನಕ್ಕು, ನೋವಿಗೆ ಕಿರುಚಿ, ಮತ್ತೆ ನಕ್ಕ. ಅರ್ಧ ದಾರಿಗೆ ಬರುವ ಹೊತ್ತಿಗೆ ನಗು ನಿಂತಿತು. ತುಟಿ ಹಿಟ್ಟಿನ ಬಣ್ಣಕ್ಕೆ ತಿರುಗಿತು. ಹಗ್ಗದಕ್ಕ ಅವನ ತಲೆಯ ಪಕ್ಕ ಬಂದಳು. ಅವಳೊಬ್ಬಳು ಮಾತ್ರ ಸ್ಟ್ರೆಚರಿನ ಜೊತೆಗೇ ಕಲ್ಲಿಂದ ಕಲ್ಲಿಗೆ ಇಳಿಯುತ್ತಿದ್ದಳು. ಅವನು ಏನೋ ಕೇಳಿದ. ಅವಳು ಬಗ್ಗಿದಳು.

"ನಾನು ಸಾಯ್ತೀನಾ ಅಕ್ಕ?"

"ಗೊತ್ತಿಲ್ಲ," ಅಂದಳು. "ನಿದ್ದೆ ಮಾಡ್ಬೇಡ. ಬ್ರೆಡ್ ಹೇಗೆ ಮಾಡ್ತೀಯ ಹೇಳು. ಮೊದಲಿಂದ ಹೇಳು."

ಅವನು ಹೇಳಿದ. ಹಿಟ್ಟು ಜರಡಿ ಹಿಡಿಯುವುದರಿಂದ ಹಿಡಿದು ಹೇಳಿದ. ತಪ್ಪಿದಲ್ಲೆಲ್ಲ ಅವಳು, ಉಪ್ಪು ಯಾವಾಗ ಹಾಕಿದೆ, ಮತ್ತೆ ಹೇಳು ಎಂದು ಗದರಿದಳು. ತೊರೆ ಅಡ್ಡ ಬರುವ ಕಡೆ ಮೇಷ್ಟ್ರು ಇದ್ದ ಗಿಡ್ಡ ಹಗ್ಗವನ್ನು ಎರಡು ಬಂಡೆಗಳ ನಡುವೆ ಕಟ್ಟಿ ಹಿಡಿಕೆ ಮಾಡಿದ್ದ. ಹೆಂಗಸರು ಸೊಂಟದ ತನಕ ನೀರಿನಲ್ಲಿ ನಿಂತು ಅವನನ್ನು ತಲೆಯ ಮೇಲಿಂದ ದಾಟಿಸಿದರು. ಬ್ರೆಡ್ಡು ಒಲೆಗೆ ಹೋಗಿ ಹೊರಬಂದು, ಮತ್ತೊಂದು ಸಲದ ಹಿಟ್ಟು ಕಲಸಿ ಮುಗಿಯುವ ಹೊತ್ತಿಗೆ ರಸ್ತೆ ಬಂತು. ಬೆಳಕು ಇನ್ನೂ ಇತ್ತು. ಆಂಬುಲೆನ್ಸಿನ ಬಾಗಿಲು ಮುಚ್ಚಿದ ಮೇಲೆ ಎಲ್ಲರೂ ರಸ್ತೆಯಂಚಿನ ಕಟ್ಟೆಯ ಮೇಲೆ ಕೂತು ತಮ್ಮ ತಮ್ಮ ಕೈ ನೋಡಿಕೊಂಡರು.

ಅವನು ಬದುಕಿದ. ಒಂದು ಕಾಲು ತುಸು ಗಿಡ್ಡ, ಕೋಲು ಬೇಕು. ಹೊಟ್ಟೆ ಹಾಗೇ ಇದೆ.

ಲಾಂಡ್ರಿ ಎಲ್ಲರ ಅರ್ಧ ದಿನದ ಕೂಲಿ ಕಟ್ ಮಾಡಿತು. ಮೆಷಿನ್ ನಿಲ್ಲಿಸಿದ್ದಕ್ಕೆ ಹಗ್ಗದಕ್ಕನಿಗೆ ನೋಟಿಸು ಬಂತು. ನಾವು ಗೇಟಿನ ಮುಂದೆ ಕೂತೆವು, ನೋಟಿಸು ವಾಪಸಾಯಿತು, ಕೂಲಿ ಬರಲಿಲ್ಲ. ಅದು ಬರುವ ತನಕ ಕೇಳುವುದನ್ನು ನಾವು ಬಿಡುವವರಲ್ಲ.

ತಂಡದ ಸಭೆಯಲ್ಲಿ ಏನಾಯಿತೆಂದು ಹೇಳಬೇಕು. ಇಷ್ಟೆಲ್ಲ ಮಾಡಿದ ಮೇಲೆ ಕೀ ಅವಳ ಕೊರಳಿಗೇ ಮರಳುತ್ತದೆ ಎಂದು ಅತ್ತೆಯೂ ಎಣಿಸಿದ್ದಳು. ಮರಳಲಿಲ್ಲ. ಮೇಷ್ಟ್ರು ಎಲ್ಲರೆದುರು ಹೇಳಿದ: ಹಗ್ಗ ಹಾಳು ಮಾಡಿದವರ ಕೈಯಲ್ಲಿ ಹಗ್ಗ ಇರಬಾರದು, ಅದು ಪದ್ಧತಿ, ಬೇಕರಿಯವನನ್ನು ಇಳಿಸಿದ್ದು ಬೇರೆ ಲೆಕ್ಕ, ಎರಡನ್ನೂ ಕೂಡಿಸಿ ಕಳೆಯಲು ನನಗೆ ಬರುವುದಿಲ್ಲ. ಕೀ ವೈರಿಂಗಿನವನಿಗೆ ಹೋಯಿತು. ಸಭೆ ಮುಗಿಯುವ ಮೊದಲು ಮೇಷ್ಟ್ರು ಇನ್ನೊಂದು ಮಾತು ಸೇರಿಸಿದ: ಹಗ್ಗ ತೊಳೆಯುವ ದಿನ ಬಾರದವರ ಕೈಯಲ್ಲೂ ಏನೂ ಇರಬಾರದು ಅಂತ ಹೊಸ ಪದ್ಧತಿ ಮಾಡಿದರೆ ಈ ಶೆಡ್ಡಿನಲ್ಲಿ ಯಾರು ಉಳಿಯುತ್ತೀರಿ?

ಹಗ್ಗದಕ್ಕನಿಗೆ ನೋವಾಯಿತು. ಆಗಲಿಲ್ಲ ಎಂದು ಅವಳು ನಟಿಸುವುದಿಲ್ಲ. ತೀರ್ಮಾನ ಸರಿ, ನನಗೆ ಇಷ್ಟವಿಲ್ಲ, ಎರಡೂ ನಿಜ ಅನ್ನುತ್ತಾಳೆ. ಹೊಸ ಕೀಯವನು ಹಗ್ಗ ಎಳೆದು ನೋಡುವಾಗ ಬೇಕೆಂದೇ ಬೆನ್ನು ತಿರುಗಿಸಿ ಕೂರುತ್ತಾಳೆ, ಕಣ್ಣು ಬಿದ್ದರೆ ಬಾಯಿ ಸುಮ್ಮನಿರುವುದಿಲ್ಲವಲ್ಲ. ಚಳಿಗಾಲದಲ್ಲಿ ಪಕ್ಕದ ಕಣಿವೆಯ ತಂಡ ಒಂದೆರಡು ಹಗ್ಗ ಕೈಗಡ ಕೊಟ್ಟಿತು. ಇಬ್ಬನಿ ಬಿದ್ದ ಬಂಡೆಯ ಮೇಲೆ ಜಾರಿದವರನ್ನು, ಕಾವಳದಲ್ಲಿ ಸುತ್ತಿದಲ್ಲೇ ಸುತ್ತಿದವರನ್ನು ಆ ಹಗ್ಗದಲ್ಲೇ ಇಳಿಸಿದರು.

ಅವಳಿಗೆ ಸಿಕ್ಕಿದ್ದು ಬೇರೆ ಕೆಲಸ. ಹೊರುವವರ ಸಾಲು ಕಟ್ಟುವುದು. ಹಗ್ಗ ಗೊತ್ತಿಲ್ಲದಿದ್ದರೂ, ಬಂಡೆ ಹತ್ತಲು ಬಾರದಿದ್ದರೂ ಸರಿ, ನಿಂತಲ್ಲಿ ಗಟ್ಟಿಯಾಗಿ ನಿಲ್ಲಬಲ್ಲವರಾದರೆ ಸಾಕು. ಭಾನುವಾರ ಬೆಳಿಗ್ಗೆ ಶೆಡ್ಡಿನ ಹಿಂದಿನ ಕಲ್ಲುಗಣಿಯಲ್ಲಿ ಮರಳು ತುಂಬಿದ ಚೀಲವನ್ನು ಸ್ಟ್ರೆಚರಿಗೆ ಕಟ್ಟಿ ಅಭ್ಯಾಸ ಮಾಡಿಸುತ್ತಾಳೆ. ಮೊದಲ ವಾರಗಳಲ್ಲಿ ಲಾಂಡ್ರಿಯ ಹೆಂಗಸರೆಲ್ಲ ಬಂದರು. ಈಗ ಇಸ್ತ್ರಿ ಮೇಜಿನವಳು, ಇನ್ನು ಕೆಲವರು. ವಾರದ ಒಂದೇ ರಜೆ ಅವರಿಗೆ. ಬಾರದವರನ್ನು ನಾನು ದೂರುವುದಿಲ್ಲ. ಹೋದ ಭಾನುವಾರ ಎರಡು ಸಾಲು ನಿಲ್ಲಿಸಲು ಜನ ಸಾಲದೆ ಒಂದೇ ಸಾಲು ನಿಲ್ಲಿಸಿದಳು. ಒಂದು ಸಾಲಿನಲ್ಲಿ ಮನುಷ್ಯನನ್ನು ಇಳಿಸಲಾಗುವುದಿಲ್ಲ.

ಇದನ್ನು ಓದುತ್ತಿರುವ ನಿಮಗೂ ಎರಡು ಕೈ ಇವೆ. ಬೆಟ್ಟಕ್ಕೆ ನೀವೂ ಹೋಗುತ್ತೀರಿ, ನಿಮ್ಮ ಮಕ್ಕಳೂ ಹೋಗುತ್ತಾರೆ, ನಿಮ್ಮ ಅಣ್ಣನೋ ಭಾವನೋ ಹೊಟ್ಟೆ ಕರಗಿಸಲು ಹೋಗುತ್ತಾನೆ. ಹಗ್ಗದಕ್ಕನ ಬಗ್ಗೆ ಓದಿ ಎಂಥ ಹೆಂಗಸು ಎಂದು ತಲೆದೂಗಿ ಪುಟ ಮಗುಚಬೇಡಿ. ಅವಳಿಗೆ ಅದರಿಂದ ಏನೂ ಉಪಯೋಗವಿಲ್ಲ. ಬರುವ ಭಾನುವಾರ ಬೆಳಿಗ್ಗೆ ಗಟ್ಟಿ ಬೂಟು ಹಾಕಿಕೊಂಡು ಕಲ್ಲುಗಣಿಗೆ ಬನ್ನಿ, ಎದುರಿನ ಸಾಲಿನಲ್ಲಿ ನಿಲ್ಲಿ. ಬರುವುದಿಲ್ಲವಾದರೆ, ಯಾಕೆ ಬರುವುದಿಲ್ಲ ಎನ್ನುವುದನ್ನಾದರೂ ಅವಳ ಎದುರಿಗೆ ನಿಂತು ಹೇಳಿ.